ಅಂಗಳಕ್ಕೆ ಬಂದ ಬೆಸುಗೆ

ಕೊನೆಕೊಯ್ಲು ಮುಗಿದು, ಬೇಯಿಸಿ ಒಣಗಿಸಿದ ಅಡಿಕೆ ಮಂಡಿ ಸೇರಿ, ಬೆಳೆಗಾರನ ಕೈಯಲ್ಲಿ ನಾಲ್ಕು ಕಾಸು ಆಡತೊಡಗುವ ಮಾಘ ಮಾಸದಿಂದ ಮೊದಲ್ಗೊಂಡು ಮೃಗಶಿರಾ ಮಳೆ ಹಿಡಿಯುವವರೆಗಿನ ತಿಂಗಳುಗಳು ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ವೆಲ್ಡಿಂಗ್ ಕೆಲಸಗಾರನಿಗೆ ಊಟಕ್ಕೂ ಪುರಸತ್ತಿಲ್ಲದ ಕಾಲ. ಅಂಗಳಕ್ಕೆ ತಗಡಿನ ಮಾಡು ಆಗಬೇಕು. ಕಳೆದ ಮಳೆಗಾಲದಲ್ಲಿ ತುಕ್ಕು ತಿಂದ ಗೇಟಿಗೆ ಹೊಸ ಕಾಲು ಕೂಡಬೇಕು. ಟಿಲ್ಲರಿನ ಟ್ರೈಲರು ಬಿರುಕು ಬಿಟ್ಟಿದೆ. ಅಡಿಕೆ ಬೇಯಿಸುವ ಒಲೆಯ ಕಬ್ಬಿಣದ ಚೌಕಟ್ಟು ಬಾಗಿದೆ. ಔಷಧಿ ಹೊಡೆಯುವ ಪಂಪಿನ ಕಾಲು ಮುರಿದಿದೆ. ಸೋಗೆಯ ಮಾಡು ಹೋಗಿ ಹಂಚು ಬಂದು, ಹಂಚಿನ ಪಕ್ಕದಲ್ಲಿ ತಗಡು ಬಂದ ಈ ಐವತ್ತು ಅರವತ್ತು ವರ್ಷಗಳಲ್ಲಿ, ಬಡಗಿಯು ಮಾಡುತ್ತಿದ್ದ ಕೆಲಸದ ಬಹುಭಾಗವು ಹೆಚ್ಚು ಸದ್ದಿಲ್ಲದೆ ಬೆಸುಗೆಗಾರನ ಪಾಲಿಗೆ ಸಂದುಹೋಗಿದೆ.

ಹಿಂದೆಯೂ ಬೆಸುಗೆಯೇನು ಇರಲಿಲ್ಲವೆಂದಲ್ಲ. ಊರ ಕಮ್ಮಾರನು ತಿದಿಯೊತ್ತಿ, ಎರಡು ಕಬ್ಬಿಣದ ತುದಿಗಳನ್ನು ಬೆಳ್ಳಗಾಗುವಂತೆ ಕಾಯಿಸಿ, ಅಡಿಗಲ್ಲಿನ ಮೇಲಿಟ್ಟು ಬಡಿದು ಒಂದುಗೂಡಿಸುತ್ತಿದ್ದುದು ಬೆಸುಗೆಯೇ. ಆದರೆ ಆ ವಿದ್ಯೆಯಲ್ಲಿ ಬೆಂಕಿಗೆ ಒಂದು ಸ್ಥಾನವಿತ್ತು. ಕುಲುಮೆಯು ಊರಂಚಿನಲ್ಲಿ, ನೆಲ ಮಣ್ಣಿನದಾಗಿ, ಸುತ್ತ ಹುಲ್ಲು ಸೊಪ್ಪಿಲ್ಲದಂತೆ, ತಲೆಮಾರುಗಳ ಅನುಭವದಿಂದ ನಿಯಮಿತವಾದ ತಾವಿನಲ್ಲಿರುತ್ತಿತ್ತು. ಕಬ್ಬಿಣವು ಅದನ್ನು ಅರಸಿಕೊಂಡು ಹೋಗುತ್ತಿತ್ತು. ಈಗಿನ ಬೆಸುಗೆಯಲ್ಲಿ ಈ ಸಂಬಂಧ ತಲೆಕೆಳಗಾಗಿದೆ. ಕಬ್ಬಿಣವಿರುವ ಕಡೆಗೆ ಬೆಂಕಿಯು ತಾನೇ ಪಿಕಪ್ ವಾಹನವೇರಿ ಬರುತ್ತದೆ: ಅಂಗಳಕ್ಕೆ, ಕೊಟ್ಟಿಗೆಯ ಮಗ್ಗುಲಿಗೆ, ಹುಲ್ಲಿನ ಬಣವೆಯ ನೆರಳಿಗೆ, ಅಡಿಕೆಯ ಸಿಪ್ಪೆಯ ರಾಶಿಯ ಬುಡಕ್ಕೆ. ಅದನ್ನು ಕರೆಸಿಕೊಂಡವನು ಮನೆಯ ಯಜಮಾನ. ಎಲ್ಲಿ ಯಂತ್ರವಿಡಬೇಕು, ಎಲ್ಲಿಂದ ಕರೆಂಟು ಎಳೆಯಬೇಕು, ಯಾವ ದಿನದೊಳಗೆ ಮುಗಿಯಬೇಕು ಎಂಬುದನ್ನೆಲ್ಲ ಹೇಳುವವನೂ ಅವನೇ. ಆದುದರಿಂದ ಈ ಕಸುಬಿನ ಅಪಾಯಗಳನ್ನು ಕುರಿತು ಕೆಲಸಗಾರನಿಗೆ ಉಪದೇಶ ಮಾಡುವುದಕ್ಕಿಂತ ಮೊದಲು, ಜಗಲಿಯ ಮೇಲೆ ಕುಳಿತು ಕೆಲಸ ನೋಡುವ ಯಜಮಾನನಿಗೆ ನಾಲ್ಕು ಮಾತು ಹೇಳುವುದು ಯುಕ್ತವೆಂದು ನನಗೆ ತೋರುತ್ತದೆ.

ಸರ್ಕಾರದ ಕಾನೂನು ಇಲ್ಲವೇ ಎಂದು ಕೇಳಬಹುದು. ಉಂಟು, ಚೆನ್ನಾಗಿಯೇ ಇದೆ. 1948ರ ಕಾರ್ಖಾನೆಗಳ ಕಾಯಿದೆಯಲ್ಲಿ ಕಣ್ಣಿನ ರಕ್ಷಣೆ, ವಿಷಧೂಮ, ಸ್ಫೋಟಕ ಅನಿಲ ಎಲ್ಲವುಗಳನ್ನು ಕುರಿತು ವಿಧಿಗಳಿದ್ದವು. ಆದರೆ ವಿದ್ಯುತ್ತಿನಿಂದ ನಡೆಯುವ ಕಡೆ 10 ಜನ, ವಿದ್ಯುತ್ತಿಲ್ಲದ ಕಡೆ 20 ಜನ ದುಡಿಯುತ್ತಿದ್ದರೆ ಮಾತ್ರ ಆ ಸ್ಥಳಕ್ಕೆ ಕಾರ್ಖಾನೆಯೆಂಬ ಹೆಸರು; 2020ರ ಹೊಸ ಸಂಹಿತೆಯು ಈ ಸಂಖ್ಯೆಗಳನ್ನು 20 ಮತ್ತು 40ಕ್ಕೆ ಏರಿಸಿದೆ. ಶರಾವತಿಯ ಹಿನ್ನೀರಿಗೆ ಅಡ್ಡಲಾಗಿ ಅಂಬಾರಗೋಡ್ಲು-ಕಳಸವಳ್ಳಿಗಳ ನಡುವೆ ಕಟ್ಟಿ 2025ರ ಜುಲೈಯಲ್ಲಿ ಸಂಚಾರಕ್ಕೆ ತೆರೆದ ಸೇತುವೆಯಂತಹ ಬೃಹತ್ಕಾರ್ಯಕ್ಕೆ ಶಿರಸ್ತ್ರಾಣ, ಸುರಕ್ಷತಾಧಿಕಾರಿ, ಪರವಾನಗಿ ಚೀಟಿ ಇವೆಲ್ಲ ವಿಧಿವಿಹಿತ. ಒಬ್ಬ ಮೇಸ್ತ್ರಿ, ಒಬ್ಬ ಕೈಯಾಳು ಇರುವ ರಿಪ್ಪನ್‌ಪೇಟೆಯ ರಸ್ತೆಬದಿಯ ಶೆಡ್ಡಿನ ಬಾಗಿಲಿಗೆ ಬರುವ ಹೊತ್ತಿಗೆ ಕಾನೂನಿನ ಕೈ ಗಿಡ್ಡವಾಗಿಬಿಡುತ್ತದೆ. ನಿಮ್ಮ ಅಂಗಳಕ್ಕಂತೂ ಅದು ಬಾರದು.

ಮೊದಲು ಕಣ್ಣಿನ ವಿಷಯ. ರಾಡಿನ ತುದಿಗೂ ಕಬ್ಬಿಣಕ್ಕೂ ನಡುವೆ ಹೊತ್ತಿಕೊಳ್ಳುವ ವಿದ್ಯುಚ್ಚಾಪದ ಶಾಖವು ಸೂರ್ಯನ ಮೇಲ್ಮೈಯ ಶಾಖವನ್ನು, ಎಂದರೆ ಸುಮಾರು 5500 ಡಿಗ್ರಿ ಸೆಲ್ಸಿಯಸನ್ನು, ಮೀರಿದುದು. ಅದರ ಕಣ್ಣು ಕೋರೈಸುವ ಬೆಳಕನ್ನು ಎಲ್ಲರೂ ಬಲ್ಲರು. ಬೆಳಕಿನೊಡನೆ ಹೊರಡುವ ಅತಿನೇರಳೆ ಕಿರಣಗಳು ಕಾಣುವಂತಹವಲ್ಲ. ಅವು ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವನ್ನು ಸುಡುತ್ತವೆ, ಆದರೆ ಸುಟ್ಟ ಕ್ಷಣದಲ್ಲಿ ನೋವಿಲ್ಲ. ಆರರಿಂದ ಹನ್ನೆರಡು ಗಂಟೆ ಕಳೆದ ಮೇಲೆ, ಬಹುಮಟ್ಟಿಗೆ ನಡುರಾತ್ರಿಯಲ್ಲಿ, ರೆಪ್ಪೆಯೊಳಗೆ ಮರಳು ಸುರಿದಂತಾಗಿ, ನೀರು ಸುರಿದು, ದೀಪದ ಬೆಳಕನ್ನೂ ನೋಡಲಾರದ ಸ್ಥಿತಿ ಬರುತ್ತದೆ. ನೋವು ಇಷ್ಟು ತಡವಾಗಿ ಬರುವುದರಿಂದಲೇ, ಹಗಲು ಮಾಡಿದ ಅಜಾಗ್ರತೆಗೆ ಹಗಲಿನಲ್ಲಿ ಶಿಕ್ಷೆಯಿಲ್ಲದಂತಾಗಿ, ಎಚ್ಚರವು ಅಭ್ಯಾಸವಾಗುವುದಿಲ್ಲ.

ಇದರಲ್ಲಿ ಮೇಸ್ತ್ರಿಗಿಂತ ಹೆಚ್ಚು ಕೆಡುಕಾಗುವುದು ಕೈಯಾಳಿಗೆ. ತೀರ್ಥಹಳ್ಳಿಯ ಕಡೆ ಒಂದು ಮನೆಯಲ್ಲಿ ಮಾಡಿನ ಕೆಲಸ ನಡೆಯುತ್ತಿದ್ದುದನ್ನು ನೋಡಿದೆ. ಮೇಸ್ತ್ರಿಯ ಕೈಯಲ್ಲಿ ಕಪ್ಪು ಗಾಜಿನ ಶೀಲ್ಡು ಇತ್ತು. ಹದಿನೆಂಟು ತುಂಬಿದೆಯೋ ಇಲ್ಲವೋ ಎಂಬ ಹುಡುಗನೊಬ್ಬನು ಚೌಕ ಪೈಪನ್ನು ಎರಡು ಕೈಯಲ್ಲಿ ಅಲುಗದಂತೆ ಹಿಡಿದು, ಗಲ್ಲವನ್ನು ಭುಜಕ್ಕೆ ಒತ್ತಿ, ಕಣ್ಣು ಮುಚ್ಚಿಕೊಂಡು ನಿಂತಿದ್ದನು. ‘ಹಿಡಿ’ ಎಂದಾಗ ಕಣ್ಣು ತೆರೆದು ಪೈಪನ್ನು ಸರಿಪಡಿಸುವನು, ಅಷ್ಟರಲ್ಲಿ ರಾಡು ತಾಗಿ ಮಿಂಚುವುದು. ಹೀಗೆ ಒಂದು ಕಂಬಕ್ಕೆ ಮೂರು ನಾಲ್ಕು ಬಾರಿ. ಸುಣ್ಣ ಬಳಿದ ಗೋಡೆಯೂ ಹೊಸ ತಗಡೂ ಕಿರಣಗಳನ್ನು ಹಿಂದಕ್ಕೆ ಎಸೆಯುವುದರಿಂದ, ಮುಖ ತಿರುಗಿಸಿ ನಿಂತರೂ ಪೂರ್ಣ ರಕ್ಷಣೆಯಿಲ್ಲ. ಚಾಪವನ್ನು ನೇರವಾಗಿ ನೋಡುವವನಿಗೆ 10 ಅಥವಾ 11ನೆಯ ನಂಬರಿನ ಗಾಜೇ ಬೇಕು. ಜಾತ್ರೆಯ ಕಪ್ಪು ಕನ್ನಡಕ ಅದಕ್ಕೆ ಬದಲಾಗದು. ಆದರೆ ಪಕ್ಕದಲ್ಲಿ ಹಿಡಿದು ನಿಲ್ಲುವವನಿಗೆ, ಕಡೆಯ ಪಕ್ಷ, ಪಾಲಿಕಾರ್ಬೊನೇಟಿನ ಬಿಳಿಯ ರಕ್ಷಾ ಕನ್ನಡಕವಾದರೂ ಇರಬೇಕು. ಅದು ಅತಿನೇರಳೆ ಕಿರಣವನ್ನು ಬಹುತೇಕ ತಡೆಯುತ್ತದೆ, ಗ್ರೈಂಡರಿನಿಂದ ಹಾರುವ ಕಬ್ಬಿಣದ ಚೂರನ್ನೂ ತಡೆಯುತ್ತದೆ. ಬೆಲೆಯಂತೂ ಒಂದು ಕಿಲೋ ಅಡಿಕೆಯ ಬೆಲೆಗೆ ಬಹಳ ಕೆಳಗೆ. ಕಣ್ಣಿಗೆ ವೆಲ್ಡಿಂಗ್ ಹೊಡೆದ ಮೇಲೆ ಎದೆಹಾಲು ಬಿಡುವುದು, ಹಸಿ ಆಲೂಗಡ್ಡೆಯ ಹೋಳು ಕಟ್ಟುವುದು ನಮ್ಮಲ್ಲಿ ರೂಢಿ. ಒಂದೆರಡು ದಿನದಲ್ಲಿ ಪಟಲವು ತಾನಾಗಿಯೇ ಮಾಯುವುದರಿಂದ ಅದರ ಕೀರ್ತಿಯು ಆಲೂಗಡ್ಡೆಗೆ ಸಲ್ಲುತ್ತದೆ. ಗಾಯವಾದ ಕಣ್ಣಿಗೆ ಸೋಂಕು ತಗುಲಿದರೆ ಅಪಕೀರ್ತಿಯನ್ನು ಯಾರೂ ಅದಕ್ಕೆ ಕೊಡುವುದಿಲ್ಲ. ನೋವಿನ ಅರಿವನ್ನೇ ಮರಗಟ್ಟಿಸುವ ಹನಿಯನ್ನು ಅಂಗಡಿಯಿಂದ ತಂದು ಮೇಲಿಂದ ಮೇಲೆ ಬಿಟ್ಟುಕೊಳ್ಳುವುದು ಇದಕ್ಕಿಂತಲೂ ಕೆಟ್ಟದ್ದು, ಏಕೆಂದರೆ ಅದು ಮಾಯುವುದನ್ನೇ ತಡೆಯುತ್ತದೆ.

ಎರಡನೆಯದು ಹೊಗೆ, ಇದರಲ್ಲಿ ಮಲೆನಾಡಿಗೇ ವಿಶಿಷ್ಟವಾದ ಒಂದು ತೊಡಕುಂಟು. ಮಳೆಗೆ ತುಕ್ಕು ಹಿಡಿಯಬಾರದೆಂದು ನಾವು ಜಿ.ಐ. ಪೈಪನ್ನು, ಎಂದರೆ ಸತುವಿನ ಲೇಪವುಳ್ಳ ಪೈಪನ್ನು, ಇಷ್ಟಪಟ್ಟು ಕೊಳ್ಳುತ್ತೇವೆ. ಕಬ್ಬಿಣವು ಕರಗುವುದು ಸುಮಾರು 1538 ಡಿಗ್ರಿಯಲ್ಲಿ. ಸತುವಾದರೋ 907 ಡಿಗ್ರಿಗೇ ಕುದಿದು ಆವಿಯಾಗಿಬಿಡುತ್ತದೆ. ಕಬ್ಬಿಣಕ್ಕೆ ಬೆಸುಗೆ ಕೂಡುವುದಕ್ಕೆ ಮೊದಲೇ ಸತುವು ಆವಿಯಾಗಿ, ಗಾಳಿಯ ಆಮ್ಲಜನಕದೊಡನೆ ಸೇರಿ, ದಟ್ಟ ಬಿಳಿಯ ಹೊಗೆಯಾಗಿ ಏಳುತ್ತದೆ. ಅದನ್ನು ಕುಡಿದವನಿಗೆ ಬಾಯಲ್ಲಿ ಲೋಹದ ಸಿಹಿಯಂತಹ ರುಚಿ. ಕೆಲವು ಗಂಟೆಗಳ ಮೇಲೆ, ಸಂಜೆಯೋ ರಾತ್ರಿಯೋ, ಚಳಿ, ನಡುಕ, ಜ್ವರ, ಮೈಕೈ ನೋವು, ಒಣಕೆಮ್ಮು. ಒಂದೆರಡು ದಿನಗಳಲ್ಲಿ ಅದು ಇಳಿದುಹೋಗುತ್ತದೆ. ನಿತ್ಯ ಹೊಗೆ ಕುಡಿಯುವವನಿಗೆ ದೇಹವು ಕೊಂಚ ಒಗ್ಗಿ, ವಾರದ ರಜೆಯಲ್ಲಿ ಆ ಒಗ್ಗಿಕೆ ಕಳೆದು, ಸೋಮವಾರ ಮತ್ತೆ ಜ್ವರ ಬರುವುದರಿಂದ ಪಾಶ್ಚಾತ್ಯ ಕಾರ್ಖಾನೆಗಳಲ್ಲಿ ಇದಕ್ಕೆ ಸೋಮವಾರದ ಜ್ವರವೆಂಬ ಹೆಸರೂ ಇತ್ತು.

ತೊಡಕು ಎಲ್ಲಿದೆಯೆಂದರೆ, ಮಾಡಿನ ಕೆಲಸದ ಈ ತಿಂಗಳುಗಳೇ ಮಂಗನ ಕಾಯಿಲೆಯ ತಿಂಗಳುಗಳೂ ಆಗಿವೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ರೋಗವು ಉಣುಗುಗಳ ಮೂಲಕ ಹರಡಿ, ಬೇಸಿಗೆಯಲ್ಲಿ ಹೆಚ್ಚುವಂತಹುದು. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸೀಮೆಯು ಅನುಭವಿಸಿದುದು ಜನರ ನೆನಪಿನಲ್ಲಿದೆ. ಅದರ ಆರಂಭವೂ ಹೀಗೆಯೇ: ಹಠಾತ್ ಜ್ವರ, ಚಳಿ, ತಲೆನೋವು, ಮೈಕೈ ನೋವು. ಕಾಡಂಚಿನ ಮನೆಯಲ್ಲಿ ಜಿ.ಐ. ಪೈಪು ಸುಟ್ಟು ಬಂದ ಕೆಲಸಗಾರನಿಗೆ ಜ್ವರ ಬಂದರೆ ಅದು ಯಾವುದೆಂದು ಅವನಾಗಲಿ ಅವನ ಮನೆಯವರಾಗಲಿ ನಿರ್ಣಯಿಸಲಾರರು. ‘ಇದು ವೆಲ್ಡಿಂಗ್ ಜ್ವರ ಮಾರಾಯ, ನಾಳೆ ಹೋಗ್ತದೆ’ ಎಂದು ಮಲಗುವುದು ಅಪಾಯಕರ. ವೈದ್ಯರ ಬಳಿ ಹೋಗಿ ಪೈಪಿನ ವಿಷಯ ಹೇಳದೆ ಇರುವುದೂ ತಪ್ಪೇ. ಏನು ಕೆಲಸ ಮಾಡಿದೆ, ಯಾವ ಕಾಡಿನ ಬದಿಯಲ್ಲಿ ಮಾಡಿದೆ ಎಂಬ ಎರಡು ಸಂಗತಿಗಳನ್ನೂ ತಾನಾಗಿ ಹೇಳತಕ್ಕದ್ದು. ಇನ್ನು ಜ್ವರವೇ ಬಾರದಂತೆ ಮಾಡುವ ಉಪಾಯ ಬಹು ಸರಳ: ಕೂಡಿಸುವ ಜಾಗದ ಎರಡು ಕಡೆಯೂ ಒಂದೆರಡು ಅಂಗುಲದ ಸತುವಿನ ಲೇಪವನ್ನು ಗ್ರೈಂಡರಿನಿಂದ ಉಜ್ಜಿ ತೆಗೆಯುವುದು, ಗಾಳಿ ಬರುವ ಕಡೆಗೆ ಬೆನ್ನೋ ಮಗ್ಗುಲೋ ಆಗುವಂತೆ ಕೂರುವುದು, ಕೊಟ್ಟಿಗೆಯೊಳಗೆ ಮಾಡದೆ ಬಯಲಿನಲ್ಲಿ ಮಾಡುವುದು. ಉಜ್ಜುವಾಗಲೂ ಧೂಳು ಏಳುವುದರಿಂದ ಮುಖಕ್ಕೆ ಒಳ್ಳೆಯ ಮಾಸ್ಕು ಇರಲಿ. ಮೂಗಿಗೆ ಸುತ್ತಿಕೊಳ್ಳುವ ಟವೆಲ್ಲು ಬೆವರನ್ನು ಹೀರೀತೇ ಹೊರತು, ಕೂದಲೆಳೆಯ ನೂರರಲ್ಲಿ ಒಂದು ಪಾಲಿಗಿಂತಲೂ ಸೂಕ್ಷ್ಮವಾದ ಹೊಗೆಯ ಕಣವನ್ನು ಹಿಡಿಯಲಾರದು.

ಬೆಲ್ಲದ ಮಾತನ್ನೂ ಇಲ್ಲಿ ಹೇಳಿಬಿಡಬೇಕು. ಸಂಜೆ ಕೆಲಸ ಬಿಟ್ಟ ಮೇಲೆ ಒಂದು ಉಂಡೆ ಬೆಲ್ಲ, ಎರಡು ಬಾಳೆಹಣ್ಣು ತಿಂದರೆ ಎದೆಯೊಳಗಿನ ಹೊಗೆಯೆಲ್ಲ ಇಳಿದುಹೋಗುವುದೆಂದು ಈ ಕಸುಬಿನವರಲ್ಲಿ ಗಾಢವಾದ ನಂಬಿಕೆಯಿದೆ. 1994ರಲ್ಲಿ ಪ್ರಕಟವಾದ ಲಖನೌದ ವಿಜ್ಞಾನಿಗಳ ಒಂದು ಪ್ರಯೋಗವು ಇಲಿಗಳ ಶ್ವಾಸಕೋಶದಿಂದ ಕಲ್ಲಿದ್ದಲಿನ ಕಣಗಳು ಹೊರಸಾಗುವುದಕ್ಕೆ ಬೆಲ್ಲವು ನೆರವಾಗುವಂತೆ ತೋರಿತೆಂದು ಹೇಳಿದುದುಂಟು. ಜೋನಿ ಬೆಲ್ಲದ ನಾಡಿನವನಾದ ನನಗೆ ಇದು ಸಂತೋಷದ ಸುದ್ದಿಯೇ ಆದರೂ, ಇಲಿಯ ಪ್ರಯೋಗವನ್ನು ನೆಚ್ಚಿ ಮನುಷ್ಯನು ಹೊಗೆ ಕುಡಿಯುವುದು ವಿವೇಕವಲ್ಲ. ಏಕೆಂದರೆ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಬೆಸುಗೆಯ ಹೊಗೆಯನ್ನು, ಅತಿನೇರಳೆ ಕಿರಣದೊಡನೆ, ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿದೆ. ಈಚೆಗೆ ಮನೆಮನೆಯ ಮೆಟ್ಟಿಲಿಗೂ ಬರುತ್ತಿರುವ ಸ್ಟೀಲ್ ರೇಲಿಂಗಿನ ಹೊಗೆಯಲ್ಲಿ ಕ್ರೋಮಿಯಂ ಇರುವುದರಿಂದ ಅದು ಸಾಮಾನ್ಯ ಕಬ್ಬಿಣದ ಹೊಗೆಗಿಂತ ಕ್ರೂರ.

ಮೂರನೆಯದು ವಿದ್ಯುತ್ತು ಮತ್ತು ಮಳೆಯ ನಂಟು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ, ಹುಲಿಕಲ್ಲಿನ ಘಟ್ಟದ ತಲೆಯಲ್ಲಿ ತಿಂಗಳುಗಟ್ಟಲೆ ಬಟ್ಟೆ ಒಣಗದ ಈ ನಾಡಿನಲ್ಲಿ, ಮೊದಲ ಮಳೆಗೆ ಮುಂಚೆ ಮುಗಿಯದೆ ಉಳಿದ ಮಾಡಿನ ಕೆಲಸವನ್ನು ಎರಡು ಮಳೆಗಳ ನಡುವಣ ಹೊಳವಿನಲ್ಲಿ ಮುಗಿಸುವ ಆತುರವೇ ದೊಡ್ಡ ಶತ್ರು. ಯಂತ್ರದೊಳಕ್ಕೆ ಹೋಗುವ ಕರೆಂಟು 230 ಅಥವಾ 415 ವೋಲ್ಟು. ರಾಡಿನ ತುದಿಯಲ್ಲಿ, ಚಾಪ ಹೊತ್ತಿಕೊಳ್ಳದೆ ಇರುವಾಗ, 80 ವೋಲ್ಟಿನವರೆಗೆ ಇರುತ್ತದೆ. ‘ಅಷ್ಟರಿಂದ ಎಂತ ಆಗ್ತದೆ’ ಎಂದು ಕೆಲಸಗಾರರು ಹೇಳುವುದನ್ನು ಕೇಳಿದ್ದೇನೆ. ಒಣ ಮೈಗೆ, ಒಣ ಕೈಗವಸಿಗೆ, ಅದು ಬಹುಪಾಲು ನಿಜವೇ. ಆದರೆ ಬೆವರಿನಿಂದಲೋ ಮಳೆಯಿಂದಲೋ ತೊಯ್ದ ದೇಹದ ತಡೆಯು ಸುಮಾರು 1000 ಓಮಿಗೆ ಇಳಿಯಬಹುದು. ಆಗ 80 ವೋಲ್ಟಿಗೆ ಹರಿಯುವುದು 80 ಮಿಲಿಆಂಪಿಯರು. ಹಿಡಿದ ಕೈಯನ್ನು ಬಿಡಲಾರದಂತೆ ಮಾಡಲು 10-15 ಮಿಲಿಆಂಪಿಯರು ಸಾಕು. 50 ಎದೆಯ ಮೂಲಕ ಹರಿದರೆ ಹೃದಯದ ಲಯವೇ ಕೆಡಬಹುದು. ಒದ್ದೆ ಕಬ್ಬಿಣದ ಮೇಲೆ ಕಾಲು ಇಳಿಬಿಟ್ಟು ಕುಳಿತು, ಸುಟ್ಟುಹೋದ ರಾಡನ್ನು ಬರಿಗೈಯಲ್ಲಿ ಬದಲಿಸುವವನು ತನ್ನ ಶರೀರವನ್ನೇ ತಂತಿಯ ಎರಡು ತುದಿಗಳ ನಡುವೆ ಇಟ್ಟವನಾಗುತ್ತಾನೆ. ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿಯಿದೆ: ಮನೆಯ ಬೋರ್ಡಿನಲ್ಲಿರುವ ಶಾಕ್ ತಡೆಯುವ ಸ್ವಿಚ್ಚು ಮುಖ್ಯ ಕರೆಂಟಿನ ಸೋರಿಕೆಯನ್ನಷ್ಟೇ ಕಂಡುಹಿಡಿಯಬಲ್ಲದು, ಟ್ರಾನ್ಸ್‌ಫಾರ್ಮರಿನ ಆಚೆ ಬದಿಯ ರಾಡಿನಿಂದ ತಗಲುವ ಆಘಾತ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಅದಿದೆಯೆಂದು ಧೈರ್ಯವಾಗಿ ಒದ್ದೆಯಲ್ಲಿ ಕೆಲಸ ಮಾಡಿಸಬಾರದು. ಮೇಲಾಗಿ, ಹತ್ತು ಹನ್ನೆರಡು ಅಡಿ ಎತ್ತರದಲ್ಲಿರುವವನಿಗೆ ಸಣ್ಣ ಆಘಾತವೂ ಸಣ್ಣದಲ್ಲ. ಪ್ರಾಣ ಹೋಗುವುದು ಕರೆಂಟಿನಿಂದಲ್ಲದಿದ್ದರೂ ಬೀಳುವುದರಿಂದ. ಮನೆಯ ವೈರಿಂಗಿಗೆ ಯಂತ್ರದ ಹೊರೆ ತಾಳದೆಂದು ಹೊರಗಿನ ಲೈನಿಗೇ ಕೊಕ್ಕೆ ಹಾಕಿಸುವ ಯಜಮಾನರು ಇನ್ನೂ ಇದ್ದಾರೆ. ಅವರ ವಿಷಯದಲ್ಲಿ ಸೌಮ್ಯವಾಗಿ ಬರೆಯುವುದು ನನಗೆ ಸಾಧ್ಯವಿಲ್ಲ.

ಬೆಂಕಿಯ ಅಪಾಯ ಎಲ್ಲರೂ ಬಲ್ಲದ್ದಾದುದರಿಂದಲೇ ಉಪೇಕ್ಷಿತವಾಗಿದೆ. 1942ರ ಫೆಬ್ರುವರಿ 9ರಂದು ನ್ಯೂಯಾರ್ಕ್ ಬಂದರಿನಲ್ಲಿ ‘ನಾರ್ಮಂಡಿ’ ಎಂಬ ಫ್ರೆಂಚರ ಮಹಾನೌಕೆಯನ್ನು ಸೈನ್ಯದ ಸಾಗಣೆಗೆ ಸಜ್ಜುಗೊಳಿಸುತ್ತಿದ್ದಾಗ, ಉಕ್ಕಿನ ಕಂಬವನ್ನು ಕತ್ತರಿಸುತ್ತಿದ್ದ ಜ್ವಾಲೆಯ ಕಿಡಿಯು ಪಕ್ಕದಲ್ಲಿ ಒಟ್ಟಿದ್ದ ಜೀವರಕ್ಷಕ ಅಂಗಿಗಳ ಮೇಲೆ ಬಿತ್ತು. ಅವುಗಳೊಳಗೆ ತುಂಬಿದ್ದುದು ಕಪೋಕ್, ನಮ್ಮ ಬೂರುಗದ ಹತ್ತಿಯ ದಾಯಾದಿ. ಮರುದಿನ ಬೆಳಗಾಗುವುದರೊಳಗೆ ನಂದಿಸಲು ಸುರಿದ ನೀರಿನ ಭಾರಕ್ಕೇ ಹಡಗು ಮಗ್ಗುಲಾಗಿ ಮಲಗಿತು. 1996ರ ಏಪ್ರಿಲಿನಲ್ಲಿ ಜರ್ಮನಿಯ ಡ್ಯುಸೆಲ್ಡಾರ್ಫ್ ವಿಮಾನ ನಿಲ್ದಾಣದ ಮೇಲಣ ರಸ್ತೆಯಲ್ಲಿ ನಡೆದ ಬೆಸುಗೆಯು ಕೆಳಗಿನ ಚಾವಣಿಯೊಳಗೆ ಕಾಣದಂತೆ ಬೆಂಕಿ ಹೊತ್ತಿಸಿ 17 ಜನರ ಪ್ರಾಣ ತೆಗೆಯಿತು. ನಮ್ಮ ಅಂಗಳದಲ್ಲಿ ಬೂರುಗದ ಹತ್ತಿಯ ಸ್ಥಾನದಲ್ಲಿರುವುದು ಅಡಿಕೆಯ ಸಿಪ್ಪೆ. ಒಣಗಿದ ಸಿಪ್ಪೆಯ ರಾಶಿಗೆ ಬಿದ್ದ ಕಿಡಿಯು ಜ್ವಾಲೆಯೇಳದೆ, ಹೊಗೆಯನ್ನೂ ಹೆಚ್ಚು ಬಿಡದೆ, ಒಳಗೊಳಗೇ ಗಂಟೆಗಟ್ಟಲೆ ಕೆಂಡವಾಗಿ ಹರಿದು, ಎಲ್ಲರೂ ಮಲಗಿದ ಮೇಲೆ ಮೇಲೇಳಬಲ್ಲದು. ಕಿಡಿಯು ಹತ್ತು ಹನ್ನೊಂದು ಮೀಟರಿನವರೆಗೆ ಹಾರುವುದೆಂಬುದು ಬಲ್ಲವರ ಲೆಕ್ಕ. ಎತ್ತರದಿಂದ ಬಿದ್ದರೆ ಇನ್ನೂ ದೂರ. ಆದಕಾರಣ ಸಿಪ್ಪೆ, ಹುಲ್ಲು, ಸೋಗೆ, ದರಗುಗಳನ್ನು ಆ ಅಂತರದಾಚೆಗೆ ಸಾಗಿಸುವುದು, ಸಾಗಿಸಲಾಗದಿದ್ದರೆ ಒದ್ದೆ ಗೋಣಿ ಹೊದಿಸುವುದು, ಕಡೆಯ ರಾಡು ಸುಟ್ಟ ಮೇಲೆ ಒಂದು ಗಂಟೆಯಾದರೂ ಒಬ್ಬನು ಬಿಂದಿಗೆ ನೀರಿಟ್ಟುಕೊಂಡು ಕಾವಲಿರುವುದು, ಇವು ಯಜಮಾನನಿಂದಲೇ ಆಗತಕ್ಕ ಕೆಲಸಗಳು.

ಕಡೆಗೆ, ಖಾಲಿ ಡ್ರಮ್ಮು. ಡೀಸೆಲ್ಲಿನದೋ, ತಿನ್ನರಿನದೋ, ಟಾರಿನದೋ ಒಂದು ಹಳೆಯ ಡ್ರಮ್ಮನ್ನು ಸಾಗರದ ಗುಜರಿಯಿಂದ ಅಗ್ಗಕ್ಕೆ ತಂದು, ಅದರ ಮೇಲ್ಭಾಗ ಕತ್ತರಿಸಿ ಮೈಲುತುತ್ತ ಸುಣ್ಣ ಕಲಸುವುದಕ್ಕೋ ನೀರು ಕಾಯಿಸುವ ಒಲೆಗೋ ಮಾಡಿಸಿಕೊಳ್ಳುವ ಆಸೆ ನಮ್ಮಲ್ಲಿ ಯಾರಿಗಿಲ್ಲ? ‘ಎರಡು ವರ್ಷದಿಂದ ಖಾಲಿ ಬಿದ್ದಿದೆ ಗೌಡ್ರೆ, ಅದ್ರಲ್ಲಿ ಎಂತದೂ ಇಲ್ಲ’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ದ್ರವ ಇಲ್ಲ, ಆದರೆ ಒಳಗೋಡೆಗೆ, ಹೊಲಿಗೆಯ ಸಂದಿಗೆ ಅಂಟಿದ ಎಣ್ಣೆಯ ಪಸೆಯಿದೆ. ಶಾಖ ತಾಗಿದೊಡನೆ ಅದು ಆವಿಯಾಗಿ ಒಳಗಿನ ಗಾಳಿಯೊಡನೆ ಬೆರೆತು, ತುಂಬಿದ ಡ್ರಮ್ಮಿಗಿಂತ ಖಾಲಿ ಡ್ರಮ್ಮನ್ನು ಭಯಂಕರವಾಗಿಸುತ್ತದೆ. 1948ರ ಕಾಯಿದೆಯ 37ನೆಯ ಪ್ರಕರಣವು, ಉರಿಯುವ ವಸ್ತು ಇದ್ದ ಪಾತ್ರೆಯನ್ನು ಆ ವಸ್ತುವನ್ನೂ ಅದರ ಆವಿಯನ್ನೂ ಹೋಗಲಾಡಿಸದೆ ಬೆಸೆಯಕೂಡದು, ಕತ್ತರಿಸಕೂಡದು ಎಂದು ಸ್ಪಷ್ಟವಾಗಿ ವಿಧಿಸಿದ್ದುದು ಇದಕ್ಕಾಗಿಯೇ. ಬಿಸಿನೀರಿನಿಂದ ಚೆನ್ನಾಗಿ ತೊಳೆದು, ಮುಚ್ಚಳಗಳನ್ನೆಲ್ಲ ತೆಗೆದು, ಕೆಲಸದ ಜಾಗದ ತುಸು ಕೆಳಗಿನವರೆಗೂ ನೀರು ತುಂಬಿ, ಅನಂತರ ಕೈಹಚ್ಚುವುದು ಒಂದು ಮಾರ್ಗ; ಶಾಖವನ್ನೇ ಬಿಟ್ಟು ಉಳಿ ಸುತ್ತಿಗೆಯಲ್ಲಿ ಕತ್ತರಿಸುವುದು ಇನ್ನೂ ಒಳ್ಳೆಯ ಮಾರ್ಗ. ಅನುಭವಿಯಾದ ಮೇಸ್ತ್ರಿಯು ‘ಇದು ಬ್ಯಾಡ ಗೌಡ್ರೆ’ ಎಂದರೆ, ಪಕ್ಕದೂರಿನವನು ಮಾಡಿಕೊಡುತ್ತಾನೆಂದು ಹಠ ಹಿಡಿಯಬಾರದು.

ಗ್ಯಾಸ್ ಕಟ್ಟಿಂಗಿನ ಸಿಲಿಂಡರು ಬಂದಿದ್ದರೆ ಮೆರೂನು ಬಣ್ಣದ ಅಸಿಟಿಲೀನನ್ನು ಮಲಗಿಸದೆ ನಿಲ್ಲಿಸಿಯೇ ಇಡಬೇಕು, ಕರಿಬಣ್ಣದ ಆಕ್ಸಿಜನ್ನಿನ ಮೂತಿಗೆ ಕೊಬ್ಬರಿ ಎಣ್ಣೆಯ ಕೈಯನ್ನೂ ತಾಗಿಸಬಾರದು ಎಂಬಷ್ಟನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಅದೇ ಒಂದು ಪ್ರತ್ಯೇಕ ಲೇಖನಕ್ಕೆ ಆಗುವಷ್ಟಿದೆ.

ಗೇಟಿಗೆ ಕಿಲೋ ಲೆಕ್ಕ, ಮಾಡಿಗೆ ಚದರಡಿಯ ಲೆಕ್ಕ, ರಿಪೇರಿಗೆ ರಾಡಿನ ಲೆಕ್ಕ: ಹೀಗೆ ನಮ್ಮಲ್ಲಿ ಚೌಕಾಶಿ ನಡೆಯುತ್ತದೆ. ಸತುವನ್ನು ಉಜ್ಜುವ ಅರ್ಧ ಗಂಟೆ, ಮಳೆ ನಿಲ್ಲಲೆಂದು ಸುಮ್ಮನೆ ಕುಳಿತ ಮಧ್ಯಾಹ್ನ, ಸಂಜೆಯ ಒಂದು ಗಂಟೆಯ ಕಾವಲು, ಇವು ಯಾವ ಲೆಕ್ಕದಲ್ಲೂ ಬಾರದ ಕಾರಣ ಕೆಲಸಗಾರನು ಅವುಗಳನ್ನು ತನ್ನ ನಷ್ಟವೆಂದೇ ತಿಳಿದು ಬಿಟ್ಟುಬಿಡುತ್ತಾನೆ. ಮುಂಗಡ ಕೊಡುವ ದಿನವೇ, ದರ ಮಾತಾಡುವಾಗಲೇ, ಇವಕ್ಕೂ ದಿನಗೂಲಿಯ ಮೇರೆಗೆ ಕೊಡುತ್ತೇನೆ, ಹುಡುಗನಿಗೊಂದು ಕನ್ನಡಕ ತಂದಿಡುತ್ತೇನೆ ಎಂದು ಯಜಮಾನನು ಹೇಳಿಬಿಟ್ಟರೆ, ಮೇಸ್ತ್ರಿಯು ಗ್ರೈಂಡರನ್ನು ತಾನಾಗಿಯೇ ಮೊದಲು ಹೊರತೆಗೆಯುತ್ತಾನೆ.